ಕೊಸರಿಗೆ ಸೆಕ್ಷನ್ ಇಲ್ಲ

ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವಳು ಎಣ್ಣೆ ಗಾಣದ ಮನೆಗೆ ಸೊಸೆಯಾಗಿ ಬರಬಾರದು. ಬಂದರೆ ಗಾಣವಾದರೂ ಕೆಡುತ್ತದೆ, ಅರ್ಥಶಾಸ್ತ್ರವಾದರೂ ಕೆಡುತ್ತದೆ. ನನ್ನ ವಿಷಯದಲ್ಲಿ ಮೊದಲು ಕೆಟ್ಟದ್ದು ಅರ್ಥಶಾಸ್ತ್ರ. ಗಾಣ ಕೆಡಿಸುವುದಕ್ಕೆ ಆಮೇಲೆ ಸರ್ಕಾರವೇ ಬಂತು.

ಚಳ್ಳಕೆರೆಯನ್ನು ಒಂದು ಕಾಲದಲ್ಲಿ ಎಣ್ಣೆ ನಗರ ಎಂದು ಕರೆಯುತ್ತಿದ್ದರು. ಭಾಷಣ ಮಾಡುವವರು ಈಗಲೂ ಕರೆಯುತ್ತಾರೆ, ಅವರಿಗೆ ಯಾರೂ ಬೇಡ ಅಂದಿಲ್ಲ. ದೊಡ್ಡ ಮಿಲ್ಲುಗಳು ಬಹಳಷ್ಟು ಬಾಗಿಲು ಹಾಕಿದವು. ಕೆಲವು ಮದುವೆ ಮಂಟಪಗಳಾದವು, ಕೆಲವುಗಳ ಅಂಗಳದಲ್ಲಿ ಜಾಲಿ ಬೆಳೆದು ಕುರಿಗಳಿಗೆ ಅನುಕೂಲವಾಯಿತು. ನಮ್ಮದು ದೊಡ್ಡದಲ್ಲ, ಆದ್ದರಿಂದ ಬದುಕಿಕೊಂಡಿತ್ತು. ಪೇಟೆಯ ಹಿಂದಿನ ಬೀದಿಯಲ್ಲಿ, ಟ್ರ್ಯಾಕ್ಟರ್ ರಿಪೇರಿಯ ಸಾಬರ ಅಂಗಡಿಗೆ ಅಂಟಿಕೊಂಡ ಒಂದು ಶೆಡ್ಡು. ಒಳಗೆ ಮೋಟಾರಿನಿಂದ ತಿರುಗುವ ಮರದ ಗಾಣ, ಮುಂದೆ ಬೀದಿಗೆ ಮುಖ ಮಾಡಿದ ಕಟ್ಟೆ. ಗಾಣ ನೋಡಿಕೊಳ್ಳುತ್ತಿದ್ದುದು ನನ್ನ ಗಂಡ. ಕಟ್ಟೆಯ ಮೇಲೆ ಎಣ್ಣೆಯ ಪೀಪಾಯಿ ಪಕ್ಕ ಕೂತು ಅಳೆದು ಕೊಡುತ್ತಿದ್ದುದು ನನ್ನ ಅತ್ತೆ. ನಾನು ಬೆಳಿಗ್ಗೆ ಪಿಯು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಊಟಕ್ಕೆ ಕರೆದು ಎಲೆ ಹಾಕದೆ ಕೂರಿಸುವುದು. ಮಧ್ಯಾಹ್ನದ ಮೇಲೆ ನಾನೂ ಕಟ್ಟೆಗೆ ಬಂದು ಅತ್ತೆಯ ಪಕ್ಕ ಕೂರುತ್ತಿದ್ದೆ.

ಕೊಸರು ಎಂದರೇನು ಎಂದು ಈಗಿನ ಮಕ್ಕಳಿಗೆ ಹೇಳಿಯೇ ತಿಳಿಸಬೇಕು. ಅಳತೆ ಮುಗಿದು, ದುಡ್ಡು ಕೈ ಬದಲಿಸಿ, ಗಿರಾಕಿ ಮಾತ್ರ ಡಬ್ಬಿ ಎತ್ತಿಕೊಳ್ಳದೆ ಸುಮ್ಮನೆ ನಿಂತಿರುತ್ತಾರಲ್ಲ, ಆಗ ಮಾರುವವರು ಮೇಲಿಂದ ಹಾಕುವ ಚೂರುಪಾರು. ಸೊಪ್ಪಿನವಳು ಎರಡು ಕಡ್ಡಿ ಕೊತ್ತಂಬರಿ ಹಾಕುತ್ತಾಳೆ, ಮಂಡಕ್ಕಿಯವನು ಒಂದು ಹಿಡಿ ಹಾಕುತ್ತಾನೆ, ನಮ್ಮತ್ತೆ ಸೌಟಿನಲ್ಲಿ ಎಣ್ಣೆ ಹಾಕುತ್ತಿದ್ದರು. ಕೇಳಿದರೆ ಅದು ಚೌಕಾಸಿ. ಕೇಳದೆ ನಿಂತರೆ ಕೊಸರು.

ನನ್ನ ತವರು ಮೊಳಕಾಲ್ಮೂರು. ರೇಷ್ಮೆ ಸೀರೆ ನೇಯುವ ಮನೆ, ಅಡುಗೆಮನೆಯಲ್ಲಿ ತೆಲುಗು, ಮಗ್ಗದ ಮುಂದೆ ಕನ್ನಡ. ನಮ್ಮವ್ವ 'ಅಸಲು ಕಂಟೆ ಕೊಸರು ಮುದ್ದು' ಎನ್ನುತ್ತಿದ್ದಳು. ಅಸಲಿಗಿಂತ ಕೊಸರೇ ಚೆಂದ ಎಂದು. ಹಾಗೆ ಹೇಳುತ್ತಿದ್ದಳೇ ಹೊರತು ನಮ್ಮ ಕಸುಬಿನಲ್ಲಿ ಅದಕ್ಕೆ ದಾರಿ ಇರಲಿಲ್ಲ. ಸೀರೆ ಮಾರಿದವನು ಮೇಲಿಂದ ಒಂದು ಗೇಣು ಸೀರೆ ಹೇಗೆ ಹಾಕುತ್ತಾನೆ? ನಮ್ಮಪ್ಪ ಸೀರೆ ಕೊಂಡವರ ಜೊತೆ ಬಸ್ ಸ್ಟ್ಯಾಂಡಿನವರೆಗೂ ನಡೆದು ಹೋಗಿ, ಕಾಫಿ ಕುಡಿಸಿ, ಸೀಟು ಹಿಡಿದುಕೊಟ್ಟು ಬರುತ್ತಿದ್ದ. ಆಗೆಲ್ಲ ಅಪ್ಪನಿಗೆ ಬೇರೆ ಕೆಲಸವಿಲ್ಲ ಎಂದುಕೊಳ್ಳುತ್ತಿದ್ದೆ. ಪಾಪ, ಕೊಸರು ಹಾಕಿ ಬರುತ್ತಿದ್ದ.

ನಮ್ಮತ್ತೆಯ ಕೊಸರಿಗೆ ಅಳತೆ ಇರಲಿಲ್ಲ, ನೀತಿ ಮಾತ್ರ ಇತ್ತು. ಬಾಣಂತಿ ಇರುವ ಮನೆಗೆ ಸೌಟು ತುಂಬಾ. ಹೊಸ ಸೊಸೆ ಒಬ್ಬಳೇ ಬಂದರೆ ಸೌಟಿಗೆ ಸ್ವಲ್ಪ ಕಡಿಮೆ, ತನ್ನ ಅತ್ತೆಯ ಜೊತೆ ಬಂದರೆ ಆ ಅತ್ತೆಗೆ ಕಾಣುವ ಹಾಗೆ ಸ್ವಲ್ಪ ಜಾಸ್ತಿ. ತಮ್ಮನ್ನು ಬೆನ್ನ ಹಿಂದೆ ಬೈಯುವ ಹೆಂಗಸೊಬ್ಬಳಿದ್ದಳು, ಅವಳಿಗೆ ಎಲ್ಲರಿಗಿಂತ ಹೆಚ್ಚು. ಯಾಕೆಂದು ಕೇಳಿದರೆ, "ಬಾಯಿಗೆ ಎಣ್ಣೆ ಬಿದ್ರೆ ಮಾತು ಜಾರತೈತೆ ಕಣವ್ವ, ಬೈಗುಳ ನಾಲಿಗೆ ಮೇಲೆ ನಿಲ್ಲಾಕಿಲ್ಲ" ಎಂದರು. ಕೊಸರು ಕಡಿಮೆ ಬಿದ್ದ ದಿನ ಗಿರಾಕಿಗಳೇ ಕೇಳುತ್ತಿದ್ದರು, "ಏನವ್ವ, ನಮ್ಮ ಮ್ಯಾಲೆ ಸಿಟ್ಟಾ?" ಬೇರೆ ಬೇರೆ ಜನಕ್ಕೆ ಬೇರೆ ಬೇರೆ ಬೆಲೆ ಹಾಕುವುದಕ್ಕೆ ನಮ್ಮ ಪಠ್ಯದಲ್ಲಿ ಬೆಲೆ ತಾರತಮ್ಯ ಎಂಬ ಹೆಸರಿದೆ. ಏಕಸ್ವಾಮ್ಯದವರು ಲಾಭಕ್ಕಾಗಿ ಮಾಡುವ ಕುತಂತ್ರ ಅದು ಎಂದು ಬೆಳಿಗ್ಗೆ ಪಾಠ ಮಾಡಿ ಬಂದು, ಮಧ್ಯಾಹ್ನ ಈ ಕುತಂತ್ರಿಯ ಪಕ್ಕ ಕೂತು ಸೌಟು ಎತ್ತಿಕೊಡುತ್ತಿದ್ದೆ.

ಅರ್ಥಶಾಸ್ತ್ರದವರು ಕಾಣದ ಕೈಯೊಂದು ಮಾರುಕಟ್ಟೆಯನ್ನು ನಡೆಸುತ್ತದೆ ಎನ್ನುತ್ತಾರೆ. ನಮ್ಮ ಅಂಗಡಿಯಲ್ಲಿ ಕೈ ಚೆನ್ನಾಗಿ ಕಾಣುತ್ತಿತ್ತು. ಮೊಳಕೈವರೆಗೂ ಎಣ್ಣೆ, ಎಣ್ಣೆಯಲ್ಲಿ ಮುಳುಗಿ ಬಣ್ಣಗೆಟ್ಟ ಹಸಿರು ಬಳೆ. ಮಾವ ತೀರಿಹೋದ ಮೇಲೆ ಮನೆಯವರೆಲ್ಲ ಅತ್ತೆಯನ್ನು ಒಳಗೆ ಕೂರು ಅಂದರಂತೆ. ಅವರು ಬಳೆಯನ್ನೂ ತೆಗೆಯಲಿಲ್ಲ, ಒಳಗೂ ಕೂರಲಿಲ್ಲ, ಕಟ್ಟೆ ಹತ್ತಿ ಮಾವನ ಸೌಟು ಹಿಡಿದರು. ಅಂಗಡಿ ನಿಂತರೆ ನನ್ನ ಗಂಡ ಇನ್ನೊಂದು ಕಸುಬು ಹುಡುಕಿಕೊಳ್ಳುತ್ತಿದ್ದ, ನನಗೆ ಹೇಗೂ ಎಲೆಯಿಲ್ಲದ ಊಟವಿತ್ತು. ಅತ್ತೆಗೆ ಮಾತ್ರ ಆ ಸೌಟು ಹೋದರೆ ಊರೇ ಹೋದಂತೆ. ಮುಂದೆ ನಡೆದದ್ದೆಲ್ಲ ಆ ಸೌಟಿಗಾಗಿ ಎಂದು ಈಗಲೇ ಹೇಳಿಬಿಡುತ್ತೇನೆ.

ಕುದಾಪುರದ ಕಡೆ ದೊಡ್ಡ ದೊಡ್ಡ ಸಂಶೋಧನಾ ಕೇಂದ್ರಗಳು ಬಂದ ಮೇಲೆ ನಮಗೆ ಹೊಸ ಜಾತಿಯ ಗಿರಾಕಿಗಳು ಬರತೊಡಗಿದರು. ಗಾಣದ ಎಣ್ಣೆ ಹೃದಯಕ್ಕೆ ಒಳ್ಳೆಯದು ಎಂದು ಎಲ್ಲೋ ಓದಿಕೊಂಡು ಕಾರಿನಲ್ಲಿ ಬರುವವರು. ಅವರಲ್ಲೊಬ್ಬರು ಬಹಳ ಸಭ್ಯರು, ಚೌಕಾಸಿ ಮಾಡುತ್ತಿರಲಿಲ್ಲ, ನಿಲ್ಲುತ್ತಲೂ ಇರಲಿಲ್ಲ. ಮೊದಲ ಸಲ ಬಂದಾಗ ಅತ್ತೆ ಅಳತೆ ಮುಗಿಸಿ ಮೇಲೊಂದು ಸೌಟು ಹಾಕಿದರು. ಆತ ಗಾಬರಿಯಾದರು.

"ಅಮ್ಮಾ, ಜಾಸ್ತಿ ಹಾಕಿದಿರಿ. ಅದಕ್ಕೂ ಸೇರಿಸಿ ತಗೊಳ್ಳಿ" ಎಂದರು.

"ಅದಕ್ಕೆ ದುಡ್ಡಿಲ್ಲಪ್ಪ, ಅದು ಕೊಸರು."

"ಲೆಕ್ಕದಲ್ಲಿ ನಿಮಗೆ ನಷ್ಟ ಆಗುತ್ತಲ್ಲಮ್ಮ."

ಅತ್ತೆ ನನ್ನ ಕಡೆ ತಿರುಗಿ, "ಇವರ ಮನೆಯಾಗೆ ಹೇಳಿಕೊಡೋರು ಯಾರೂ ಇಲ್ವೇನೇ?" ಎಂದು ಕೇಳಿದರು. ಆಕಾಶಕ್ಕೆ ಏನೇನೋ ಹಾರಿಸುವವರು, ಒಂದು ಸೌಟು ಎಣ್ಣೆ ಎಲ್ಲಿಂದ ಬಂತು ಎಂದು ತಿಳಿಯದೆ ತಲೆ ಕೆರೆದುಕೊಂಡು ಹೋದರು. ಮುಂದಿನ ಸಲ ಬಂದಾಗ ತಮಗೆ ಸರಿಯಾಗಿ ಅಳೆದು ಕೊಟ್ಟರೆ ಸಾಕು ಎಂದು ಮೊದಲೇ ಹೇಳಿದರು. ಅತ್ತೆ ಸರಿಯಾಗಿಯೇ ಅಳೆದುಕೊಟ್ಟು, ಆತ ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಒಂದು ತುಂಡು ಶೇಂಗಾ ಹಿಂಡಿಯನ್ನು ಕೈಗೆ ತುರುಕಿದರು. ಕೇಂದ್ರದ ಸುತ್ತ ಬೇಲಿ ಹಾಕಿಕೊಂಡು ಕೂತವರ ಮನೆಯಲ್ಲಿ ಹಿಂಡಿ ತಿನ್ನುವ ಎಮ್ಮೆ ಎಲ್ಲಿಂದ ಬರಬೇಕು.

ಒಂದು ದಿನ ಆಹಾರದ ಗುಣಮಟ್ಟ ನೋಡಿಕೊಳ್ಳುವ ಅಧಿಕಾರಿ ಬಂದರು. ಬೇರೆ ಜಿಲ್ಲೆಯವರು, ಮಾತಿನಲ್ಲಿ ಪುಸ್ತಕದ ಕನ್ನಡ, ಹಣೆಯ ಮೇಲೆ ನಮ್ಮೂರಿನ ಬಿಸಿಲು. ಖಾದ್ಯ ತೈಲವನ್ನು ಬಿಡಿಯಾಗಿ ಮಾರುವಂತಿಲ್ಲ, ಮೊಹರು ಮಾಡಿದ ಬಾಟಲಿಯಲ್ಲಿ, ಲೇಬಲ್ ಹಚ್ಚಿಯೇ ಮಾರಬೇಕು, ಇಲ್ಲವಾದರೆ ಅಂಗಡಿ ಮುಚ್ಚಿಸಬೇಕಾಗುತ್ತದೆ ಎಂದರು.

"ಯಾಕಪ್ಪಾ?" ಎಂದು ಅತ್ತೆ ಕೇಳಿದರು.

"ಕಲಬೆರಕೆ ತಡೆಯುವುದಕ್ಕಮ್ಮ. ಬಿಡಿ ಎಣ್ಣೆಯಲ್ಲಿ ಏನು ಬೆರೆತಿದೆ ಎಂದು ಗ್ರಾಹಕರಿಗೆ ಗೊತ್ತಾಗುವುದಿಲ್ಲ."

ಅತ್ತೆ ಹಿಂದಕ್ಕೆ ಕೈ ತೋರಿಸಿದರು. ಅಲ್ಲಿ, ಹತ್ತು ಹೆಜ್ಜೆ ದೂರದಲ್ಲಿ, ಗೌರಸಮುದ್ರದಿಂದ ಸಂತೆ ದಿನ ತಪ್ಪದೆ ಬರುವ ಗಿರಾಕಿಯೊಬ್ಬಳು ಗಾಣದ ಬಾಯಿಗೆ ಮುಖವಿಟ್ಟು, ಇಳಿಯುತ್ತಿದ್ದ ಎಣ್ಣೆಯನ್ನು ಬೆರಳಿನಲ್ಲಿ ಮುಟ್ಟಿ ಮೂಸುತ್ತಿದ್ದಳು. ನಮ್ಮ ಎಣ್ಣೆಯನ್ನು ಮೂಸದೆ ಅವಳು ಎಂದೂ ಕೊಂಡವಳಲ್ಲ. ಅಧಿಕಾರಿ ಅದನ್ನೂ ನೋಡಿ, "ಹೀಗೆ ಬೆರಳು ಹಾಕುವುದೂ ತಪ್ಪು" ಎಂದರು.

ಸರ್ಕಾರ ಮೂರ್ಖ ಎಂದು ನಾನು ಹೇಳುವುದಿಲ್ಲ, ಅಷ್ಟು ಸುಲಭವಾಗಿದ್ದರೆ ಚೆನ್ನಾಗಿತ್ತು. ಪಾಮಾಯಿಲಿಗೆ ಶೇಂಗಾದ ಪರಿಮಳ ಹಾಕಿ ಮಾರುವ ಪುಣ್ಯಾತ್ಮರು ಎಲ್ಲ ಪೇಟೆಗಳಲ್ಲೂ ಇದ್ದಾರೆ. ಅವರನ್ನು ಹಿಡಿಯುವುದಕ್ಕೆ ಮಾಡಿದ ಕಾನೂನು ಅದು. ಆದರೆ ಅವರ ಹತ್ತಿರ ಬಾಟಲಿ, ಲೇಬಲ್, ಮೊಹರು ಎಲ್ಲವೂ ಮೊದಲೇ ಇತ್ತು. ಇಲ್ಲದಿದ್ದದ್ದು ನಮ್ಮ ಹತ್ತಿರ ಮಾತ್ರ. ಬಲೆ ಹಾಕಿದ್ದು ಹೆಗ್ಗಣಕ್ಕೆ, ಸಿಕ್ಕಿಬಿದ್ದದ್ದು ಅಳಿಲು ಎಂದು ನಾನು ನನ್ನ ಗಂಡನಿಗೆ ಹೇಳಿದೆ. ಅವನು, "ಅಳಿಲೇ ಇರ್ಲಿ, ಅಂಗಡಿ ಉಳೀಬೇಕಲ್ಲ" ಎಂದು ಬಾಟಲಿ ತರುವುದಕ್ಕೆ ಹೊರಟ.

ಬಾಟಲಿ ಬಂದವು, ಮುಚ್ಚಳ ಬಿಗಿಯುವ ಕೈಯಂತ್ರ ಬಂತು, ಗಾಣದ ಚಿತ್ರವಿರುವ ಲೇಬಲ್ ಬಂತು. ಚಿತ್ರದಲ್ಲಿ ಗಾಣಕ್ಕೆ ಎತ್ತು ಕಟ್ಟಿತ್ತು. ನಮ್ಮ ಮೋಟಾರಿಗೆ ಬೇಜಾರಾಗಿರಬೇಕು, ಅದೇ ವಾರ ಸುಟ್ಟುಹೋಯಿತು, ಪಕ್ಕದ ಸಾಬರು ಬಂದು ಹೊಸ ತಂತಿ ಸುತ್ತಿ ಕಟ್ಟಿಕೊಟ್ಟರು. ಪೀಪಾಯಿ ಒಳಗೆ ಹೋಯಿತು, ಕಟ್ಟೆಯ ಮೇಲೆ ಬಾಟಲಿಗಳು ಸಾಲಾಗಿ ನಿಂತವು. ಈಗ ಅಳೆಯುವುದೇನೂ ಇರಲಿಲ್ಲ. ಅತ್ತೆ ಸೌಟನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂತರು.

ಗೌರಸಮುದ್ರದಾಕೆ ಬಂದಳು. ಬಾಟಲಿಯನ್ನು ಬೆಳಕಿಗೆ ಹಿಡಿದು, ಅಲ್ಲಾಡಿಸಿ, ಮುಚ್ಚಳವನ್ನೇ ಮೂಸಿದಳು. ಪ್ಲಾಸ್ಟಿಕ್ಕಿನ ವಾಸನೆ ಬಂದಿರಬೇಕು.

"ಮುಚ್ಚಿರೋ ಬಾಟ್ಲಿಯಾಗೆ ಏನೈತೆ ಅಂತ ಹೆಂಗ್ ನಂಬ್ಲಿ ಯಕ್ಕ? ನೀವೂ ಹಿಂಗ್ ಮಾಡಿದ್ರೆ?" ಎಂದಳು.

ನಂಬಿಕೆ ಹುಟ್ಟಿಸುವುದಕ್ಕೆ ಹಾಕಿದ ಮೊಹರು ಇದ್ದ ನಂಬಿಕೆಯನ್ನೂ ಕೆಡಿಸಿತು. ಆದರೂ ಅತ್ತೆಯ ಮುಖ ನೋಡಿ ಅವಳು ಒಂದು ಬಾಟಲಿ ತೆಗೆದುಕೊಂಡಳು. ತೆಗೆದುಕೊಂಡು, ದುಡ್ಡು ಕೊಟ್ಟು, ಹೋಗದೆ ನಿಂತಳು. ಅತ್ತೆ ಅವಳನ್ನು ನೋಡಿದರು, ಅವಳು ಅತ್ತೆಯನ್ನು ನೋಡಿದಳು. ಮುಚ್ಚಿದ ಬಾಟಲಿಗೆ ಕೊಸರು ಎಲ್ಲಿ ಹಾಕುವುದು? ಅತ್ತೆ ಇನ್ನೊಂದು ಬಾಟಲಿಯ ಮುಚ್ಚಳ ತಿರುಚಿ ತೆಗೆಯಲು ಹೋದರು. ನನ್ನ ಗಂಡ ಓಡಿ ಬಂದು ಕೈ ಹಿಡಿದ. ಮುಚ್ಚಳ ತೆಗೆದರೆ ಅದು ಬಿಡಿ ಎಣ್ಣೆ, ಬಿಡಿ ಎಣ್ಣೆ ಎಂದರೆ ಅಪರಾಧ.

"ನನ್ನ ಅಂಗಡಿಯಾಗೆ ನಾನು ಎಣ್ಣೆ ಹಾಕಿದ್ರೆ ಅಪರಾಧ ಏನ್ಲಾ?" ಎಂದು ಅತ್ತೆ ಮಗನನ್ನು ಕೇಳಿದರು. ಅವನು ಗಾಣದ ಕಡೆ ಹೋದ. ಗಂಡಸರಿಗೆ ಇಂಥ ಸಮಯದಲ್ಲಿ ಹೋಗಲು ಒಂದು ಗಾಣ ಇರುತ್ತದೆ.

ಆಮೇಲೆ ಅತ್ತೆ ತಾವೇ ಒಂದು ಉಪಾಯ ಮಾಡಿದರು. ಬಾಟಲಿ ತುಂಬುವ ಕೆಲಸ ತಮಗೇ ಇರಲಿ ಎಂದು ಹಟ ಹಿಡಿದು ಒಳಗೆ ಕೂತರು, ಪ್ರತಿಯೊಂದಕ್ಕೂ ಲೇಬಲ್ಲಿನಲ್ಲಿ ಬರೆದದ್ದಕ್ಕಿಂತ ಮೇಲೆ, ಕುತ್ತಿಗೆಯವರೆಗೆ ತುಂಬಿಸತೊಡಗಿದರು. ಅಧಿಕಾರಿ ಮತ್ತೆ ಬಂದು ಒಂದು ಬಾಟಲಿ ಎತ್ತಿ, ಅಳತೆಯ ಗಾಜಿನ ಪಾತ್ರೆಗೆ ಸುರಿದು ನೋಡಿದರು. ಎಣ್ಣೆ ಗೆರೆ ದಾಟಿ ಮೇಲೆ ಹೋಯಿತು. ಇನ್ನೊಂದನ್ನು ಸುರಿದರು, ಅದೂ ಹೋಯಿತು. ಅವರ ಮುಖ ನೋಡುವ ಹಾಗಿತ್ತು.

"ಕಡಿಮೆ ಇದ್ದರೆ ಹಾಕಲು ಸೆಕ್ಷನ್ ಇದೆ. ಜಾಸ್ತಿ ಇದ್ದರೆ ನಾನು ಏನು ಹಾಕಲಿ?" ಎಂದು ನನ್ನನ್ನೇ ಕೇಳಿದರು.

"ಕೊಸರು ಎಂದು ಹಾಕಿಕೊಳ್ಳಿ" ಎಂದೆ.

ಅವರು ನಗಲಿಲ್ಲ. ಬರೆದಷ್ಟೇ ಇರಬೇಕು, ಹೆಚ್ಚೂ ಇರಬಾರದು, ಮಾಪನ ಎಂದರೆ ಮಾಪನ ಎಂದರು. ಅವರನ್ನು ನಾನು ಬೈಯಬಹುದಿತ್ತು. ಆದರೆ ಅಷ್ಟರಲ್ಲಿ ನಮಗೇ ಗೊತ್ತಾಗಿತ್ತು, ಆ ಹೆಚ್ಚಿನ ಎಣ್ಣೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಗಿರಾಕಿಗಳಿಗೆ ಬಾಟಲಿ ತುಂಬಾ ಇದೆ ಎಂದಷ್ಟೇ ಕಂಡಿತು, ತುಂಬಾ ಇರಬೇಕಾದದ್ದೇ ಎಂದುಕೊಂಡರು. ಅಳತೆಯ ಒಳಗೆ ಸೇರಿಹೋದದ್ದು ಅಳತೆಯೇ. ಕೊಸರು ಕಣ್ಣೆದುರಿಗೆ, ಕೊನೆಗೆ, ಬೇಕಾಗಿಲ್ಲದಿದ್ದರೂ ಬೀಳಬೇಕು. ನಾನು ಪಾಠದಲ್ಲಿ, ಕೊಟ್ಟ ದುಡ್ಡಿಗಿಂತ ಕೊಂಡವರಿಗೆ ಹೆಚ್ಚಾಗಿ ದಕ್ಕುವುದಕ್ಕೆ ಅನುಭೋಗಿಯ ಹೆಚ್ಚುವರಿ ಎಂದು ಕಪ್ಪು ಹಲಗೆಯ ಮೇಲೆ ಒಂದು ತ್ರಿಕೋನ ಬರೆದು ತೋರಿಸುತ್ತಿದ್ದೆ. ನಮ್ಮ ಗಿರಾಕಿಗಳು ಆ ತ್ರಿಕೋನವನ್ನು ಡಬ್ಬಿಗೆ ಹಾಕಿಸಿಕೊಂಡು ಹೋಗುತ್ತಿದ್ದರು, ಅದು ಸಿಗದಾದಾಗ ಒಬ್ಬೊಬ್ಬರೇ ಬರುವುದನ್ನು ಬಿಟ್ಟರು. ಬಾಟಲಿಯನ್ನೇ ಕೊಳ್ಳುವುದಾದರೆ ಮನೆ ಪಕ್ಕದ ಕಿರಾಣಿಯಲ್ಲಿ ಇನ್ನೂ ಅಗ್ಗವಾಗಿ ಸಿಗುತ್ತದೆ, ಅಷ್ಟು ದೂರದಿಂದ ಬಂದು ಅತ್ತೆಯ ಸಪ್ಪೆ ಮುಖ ನೋಡುವುದೇಕೆ. ಕುದಾಪುರದ ಸಭ್ಯರು ಮಾತ್ರ ಬಂದು, ಈಗ ನಿಮ್ಮ ಅಂಗಡಿ ಬಹಳ ಸುಧಾರಿಸಿದೆ ಎಂದು ಹೊಗಳಿದರು. ಅವರೊಬ್ಬರಿಂದ ಗಾಣ ನಡೆಯುವುದಿಲ್ಲ. ಬೇಸಗೆ ಮುಗಿಯುವುದರೊಳಗೆ ಗಾಣ ಮಾರುವ ಮಾತು ಮನೆಯಲ್ಲಿ ಎದ್ದಿತು.

ಉಳಿಸಿದವರು ಆ ಅಧಿಕಾರಿಯೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ, ನಮಗೆ ಉಲ್ಟಾ ಆಯಿತು. ಮೂರನೆಯ ಸಲ ಬಂದಾಗ ಖಾಲಿ ಕಟ್ಟೆ ನೋಡಿ ಅವರಿಗೇ ಕಸಿವಿಸಿಯಾಗಿರಬೇಕು. ನನ್ನ ಗಂಡನನ್ನು ಬದಿಗೆ ಕರೆದು, "ಮಾರಿದರೆ ತಾನೆ ಕಾನೂನು? ಗಿರಾಕಿಯ ಬೀಜವನ್ನು ಕೂಲಿಗೆ ಗಾಣ ಆಡಿಸಿಕೊಟ್ಟರೆ ಅದು ಮಾರಾಟ ಅಲ್ಲ. ಇದನ್ನು ನಾನು ಹೇಳಿಲ್ಲ" ಎಂದು ಹೇಳಿ ಜೀಪು ಹತ್ತಿದರು. ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎಂಬ ಗಾದೆ ಕೇಳಿದ್ದೆ. ರಂಗೋಲಿ ಹಾಕಿದವರೇ ಒಂದು ತುದಿ ಎತ್ತಿ ಹಿಡಿದು ಕರೆಯುವುದನ್ನು ಕಂಡದ್ದು ಅದೇ ಮೊದಲು.

ಹಾಗೆ ನಾವು ಎಣ್ಣೆ ಮಾರುವುದನ್ನು ಬಿಟ್ಟೆವು. ಕಟ್ಟೆಯ ಮೇಲೆ ಶೇಂಗಾ ಬೀಜ ಮಾರಿದೆವು. ಗಿರಾಕಿ ಬೀಜ ಕೊಂಡು, ಶೆಡ್ಡಿನೊಳಗೆ ನಾಲ್ಕು ಹೆಜ್ಜೆ ಹೊತ್ತುಕೊಂಡು ಹೋಗಿ, ಕೂಲಿಗೆ ಆಡಿಸಿಕೊಳ್ಳುತ್ತಿದ್ದರು. ಬಂದ ಎಣ್ಣೆ ಅವರದೇ, ತಮ್ಮ ಡಬ್ಬಿಗೆ ತುಂಬಿಕೊಳ್ಳಬಹುದು, ಬೆರಳು ಹಾಕಿ ಮೂಸಬಹುದು, ಯಾವ ಇಲಾಖೆಯೂ ಕೇಳುವುದಿಲ್ಲ. ಎಣ್ಣೆ ಅದೇ, ಗಾಣ ಅದೇ, ಕಲಬೆರಕೆಯ ಸಾಧ್ಯತೆಯೂ ಅಷ್ಟೇ. ಮೊದಲು ಡಬ್ಬಿ ಚಾಚಿ ತೆಗೆದುಕೊಂಡು ಹೋಗುತ್ತಿದ್ದವರು ಈಗ ಅರ್ಧ ದಿನ ಕಾಯುತ್ತಿದ್ದರು, ಅಷ್ಟು ಮಾತ್ರ ವ್ಯತ್ಯಾಸ. ಸುದ್ದಿ ಹಬ್ಬಿ ಹಳೆಯ ಗಿರಾಕಿಗಳೆಲ್ಲ ತಿರುಗಿ ಬಂದರು. ಗಾಣ ಮಾರುವ ಮಾತು ನಿಂತಿತು. ಅತ್ತೆ ಸೌಟನ್ನು ಬೂದಿ ಹಾಕಿ ಉಜ್ಜಿ ತೊಳೆದರು.

ಗಾಣಕ್ಕೆ ಒಂದು ಸಲಕ್ಕೆ ಇಷ್ಟು ಎಂದು ಬೀಜ ಬೀಳಬೇಕು. ಮನೆಗೊಂದು ಲೀಟರು ಬೇಕಾದವರು ಅಷ್ಟು ಬೀಜ ಕೊಳ್ಳುವುದಿಲ್ಲ. ಆದ್ದರಿಂದ ಐದಾರು ಹೆಂಗಸರು ಸೇರಿಕೊಂಡು ಒಂದು ಗಾಣ ಹಾಕಿಸುತ್ತಿದ್ದರು, ಆಮೇಲೆ ಎಣ್ಣೆ ಹಂಚಿಕೊಳ್ಳುತ್ತಿದ್ದರು. ಹಂಚುವ ಕೆಲಸ ಅತ್ತೆಯದಾಯಿತು. ಮೊದಲ ಸಂತೆಯ ದಿನ ಅತ್ತೆ ಎಷ್ಟೋ ತಿಂಗಳ ಮೇಲೆ ಕಟ್ಟೆಯಲ್ಲಿ ಸೀರೆ ನೆರಿಗೆ ಬಿಗಿದು ಕೂತರು. ಎಲ್ಲರ ಡಬ್ಬಿಗೂ ಅಳೆದು ಹಾಕಿದರು. ಗೌರಸಮುದ್ರದಾಕೆಯ ಮಗಳು ಆಗ ಬಾಣಂತಿ. ತಾಯಿಯ ಡಬ್ಬಿಗೆ ಅಳತೆ ಮುಗಿದ ಮೇಲೆ ಅತ್ತೆ ಅಭ್ಯಾಸಬಲದಿಂದ ಸೌಟು ಮುಳುಗಿಸಿ ಎತ್ತಿದರು.

"ಯವ್ವಾ, ಅದು ನಮ್ದು" ಎಂದಳು ಪಕ್ಕದಲ್ಲಿ ಕೂತಿದ್ದವಳು.

ಜಗಳದ ದನಿಯಲ್ಲ. ಸುಮ್ಮನೆ ಹೇಳಿದಳು, ನಿಜವನ್ನೇ ಹೇಳಿದಳು. ಪಾತ್ರೆಯಲ್ಲಿ ಇದ್ದದ್ದೆಲ್ಲ ಅವರವರದು, ನಮ್ಮದು ಒಂದು ತೊಟ್ಟೂ ಇರಲಿಲ್ಲ. ಒಬ್ಬಳಿಗೆ ಅರ್ಧ ಸೌಟು ಹಾಕಿದರೆ ಇನ್ನೊಬ್ಬಳಿಂದ ಕದ್ದಂತೆ. ಒಬ್ಬರಿಂದ ಕಿತ್ತುಕೊಳ್ಳದೆ ಇನ್ನೊಬ್ಬರಿಗೆ ಒಂದು ಹನಿಯನ್ನೂ ಹೆಚ್ಚು ಕೊಡಲಾಗದ ಸ್ಥಿತಿಗೆ ನಮ್ಮ ಪುಸ್ತಕದಲ್ಲಿ ಪೂರ್ಣ ದಕ್ಷತೆ ಎಂಬ ಹೆಸರಿದೆ. ಅದು ಆದರ್ಶ, ವಾಸ್ತವದಲ್ಲಿ ಕಾಣಸಿಗುವುದಿಲ್ಲ ಎಂದು ಮಕ್ಕಳಿಗೆ ಬರೆಸುತ್ತಿದ್ದೆ. ಚಳ್ಳಕೆರೆಯ ಹಿಂದಿನ ಬೀದಿಯಲ್ಲಿ ಆವತ್ತು ಅದು ಸಂಪೂರ್ಣವಾಗಿ ಕಾಣಿಸಿತು. ಅತ್ತೆಯ ಕೈ ಎತ್ತಿದ ಕಡೆಯೇ ನಿಂತಿತ್ತು, ಸೌಟಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ನನಗೆ ಅಳು ಬಂತು. ಅದನ್ನು ಬೇರೆ ಹೇಗೂ ಹೇಳಲು ನನಗೆ ಬರುವುದಿಲ್ಲ.

ಅತ್ತೆ ಸೌಟನ್ನು ಪಾತ್ರೆಗೆ ಹಿಂದಕ್ಕೆ ಬಗ್ಗಿಸಿದರು. ಮುಂದಿನ ಸಂತೆಗಳಲ್ಲಿ ಮತ್ತೆ ನಗುನಗುತ್ತ ಕೂತರು, ಗಿರಾಕಿಗಳೂ ಮೊದಲಿನ ಹಾಗೆ ಡಬ್ಬಿ ಹಿಡಿದು ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದರು. ಎಲ್ಲ ಸರಿಹೋಯಿತು ಎಂದುಕೊಂಡೆ. ಗಾಣದಲ್ಲಿ ವ್ಯಾಪಾರ ಚೆನ್ನಾಗಿತ್ತು, ನನ್ನ ಗಂಡ ಬೀಜ ಸುಲಿಯುವ ಯಂತ್ರದ ಬೆಲೆ ವಿಚಾರಿಸಿಕೊಂಡು ಬಂದ.

ಒಂದು ದಿನ ಸಾರಿಗೆ ಒಗ್ಗರಣೆ ಹಾಕಲು ಅಡುಗೆಮನೆಯ ಎಣ್ಣೆ ಡಬ್ಬಿ ಬಗ್ಗಿಸಿದರೆ ಏನೂ ಬೀಳಲಿಲ್ಲ. ತಿಂಗಳಿಗಾಗುವಷ್ಟು ಎಣ್ಣೆ ಹದಿನೈದು ದಿನದ ಹಿಂದೆ ತಾನೆ ತುಂಬಿಸಿಟ್ಟದ್ದು. ಹಿತ್ತಲಿನಲ್ಲಿದ್ದ ಅತ್ತೆಯನ್ನು ಕೇಳಿದೆ. ಅವರು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಅದು ನಮ್ದೇ ಅಲ್ವೇನೇ? ನಮ್ದನ್ನ ನಾವು ಕೊಟ್ರೆ ಯಾರದೇನು ಹೋಗತೈತೆ?" ಎಂದರು.

ಸಂತೆಯ ದಿನ ಬೆಳಿಗ್ಗೆ ಒಂದು ಚೆಂಬಿನಲ್ಲಿ ಮನೆಯ ಎಣ್ಣೆಯನ್ನು ಸೆರಗಿನ ಮರೆಯಲ್ಲಿ ಒಯ್ದು, ಕಟ್ಟೆಯ ಕೆಳಗೆ ಇಟ್ಟುಕೊಂಡು, ಹಂಚಿಕೆ ಮುಗಿದ ಮೇಲೆ, ನಾನು ಬೀಜದ ದುಡ್ಡು ಎಣಿಸುವ ಹೊತ್ತು ನೋಡಿಕೊಂಡು, ಒಬ್ಬೊಬ್ಬರಿಗೂ ಹಾಕುತ್ತಿದ್ದರಂತೆ. ಮಗನಿಗೆ ಗೊತ್ತಾಗದ ಹಾಗೆ, ಸೊಸೆಗೆ ಗೊತ್ತಾಗದ ಹಾಗೆ, ಕಾನೂನಿಗೆ ಗೊತ್ತಾಗದ ಹಾಗೆ. ಆ ದಿನ ಶೆಡ್ಡಿಗೆ ಬೀಗ ಹಾಕಿ ಗಂಡ ಮೊಳಕಾಲ್ಮೂರಿಗೆ ಹೋಗಿದ್ದ, ಬೀಗದ ಕೈ ಅವನ ಜೇಬಿನಲ್ಲಿ. ಒಲೆಯ ಮೇಲೆ ಬಾಣಲೆ ಕಾಯುತ್ತಿತ್ತು. ಅದನ್ನು ಇಳಿಸಿ ಮೂಲೆಯ ಕಿರಾಣಿಗೆ ಹೋದೆ. ಅಂಗಡಿಯವನು ಒಂದು ಪ್ಯಾಕೆಟ್ಟು ಕೊಟ್ಟು, "ಏನ್ರಕ್ಕಾ, ಗಾಣದ ಮನೆಯೋರು ಪ್ಯಾಕೆಟ್ ತಗೊಂಡು ಹೋಗ್ತೀರಾ?" ಎಂದು ನಕ್ಕ. ನಾನೂ ನಕ್ಕು, ದುಡ್ಡು ಕೊಟ್ಟು ಬಂದೆ.

ಅತ್ತೆ ಪ್ಯಾಕೆಟ್ಟನ್ನು ಕೈಗೆ ತೆಗೆದುಕೊಂಡು, ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

"ಕೊಸರು ಏನ್ ಹಾಕ್ದ?" ಎಂದು ಕೇಳಿದರು.

"ಪ್ಯಾಕೆಟ್ಟಿಗೆ ಕೊಸರು ಎಲ್ಲಿಂದ ಬರತೈತೆ ಅತ್ತೆ?"

ಅವರು ಪ್ಯಾಕೆಟ್ಟನ್ನು ಮೆಲ್ಲಗೆ ನನ್ನ ಕೈಗೆ ವಾಪಸು ಕೊಟ್ಟರು.

"ಪಾಪ, ಅವನ ಕೈನೂ ಕಟ್ಟಿಬಿಟ್ಟವ್ರೆ" ಎಂದರು.